ಮಾತಿನ ಆಸೆಗೆ ನರ್ಸಿಂಗ್ ಸೇರಿದ್ದು

ನರ್ಸ್ ಕೆಲಸ ಮಾಡುವವರನ್ನು ಕಂಡರೆ ಜನ ತಾವಾಗಿಯೇ ಒಂದು ಸದ್ಗುಣದ ಹಾರ ತಂದು ಅವರ ಕೊರಳಿಗೆ ಹಾಕಿಬಿಡುತ್ತಾರೆ. ‘ಎಂಥ ಸೇವೆ! ಎಂಥ ತಾಳ್ಮೆ! ನಮ್ಮ ಕೈಲಿ ಆಗೋದಲ್ಲಪ್ಪ’ ಎಂದು ಅವರು ಕಣ್ಣರಳಿಸಿದಾಗ ನಾನು ತಲೆ ತಗ್ಗಿಸಿ ಮುಗುಳ್ನಗುತ್ತೇನೆ. ನೋಡಿದವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯವಲ್ಲ, ಅದು ಸಂಕೋಚ. ಏಕೆಂದರೆ ನಾನು ಈ ವೃತ್ತಿಗೆ ಬಂದದ್ದು ಸೇವಾ ಮನೋಭಾವದಿಂದಲ್ಲ, ರೋಗಿಗಳ ಕಷ್ಟ ಕಂಡು ಕರುಳು ಚುರ್ ಎಂದದ್ದರಿಂದಲೂ ಅಲ್ಲ. ಅಲ್ಲಿ ಹೋದರೆ ಮಾತಾಡಲು ಜನ ಸಿಗುತ್ತಾರೆ ಎಂಬ ಒಂದೇ ಆಸೆಯಿಂದ. ಕೆಲವರಿಗೆ ಹೊತ್ತಿಗೆ ಸರಿಯಾಗಿ ಊಟವಾಗದಿದ್ದರೆ ತಲೆನೋವು ಬರುತ್ತದೆ. ನನಗೆ ಹೊತ್ತಿಗೆ ಸರಿಯಾಗಿ ಮಾತಾಗದಿದ್ದರೆ ಬರುತ್ತದೆ. ಇಂಥ ಮನುಷ್ಯನನ್ನು ದೇವರು ಸ್ವೀಡನ್ನಿಗೆ ಕಳಿಸಬಾರದಿತ್ತು. ಕಳಿಸಿದ.

ನಾನು ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದೆ. ಕಪ್ಪೆಯ ಜೀರ್ಣಾಂಗಗಳ ಪಾಠ ಶುರು ಮಾಡಿದರೆ ಅದರ ಹೊಟ್ಟೆ ತಲುಪುವಷ್ಟರಲ್ಲಿ ಬೆಲ್ ಹೊಡೆಯುತ್ತಿತ್ತು. ಮುಂದಿನ ಪಿರಿಯಡ್ಡಿನ ಮೇಷ್ಟ್ರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ನಾನು ಅವರನ್ನೂ ಮಾತಿಗೆಳೆಯುತ್ತಿದ್ದೆ. ಹೀಗೆ ಸುಖವಾಗಿದ್ದಾಗ ನನ್ನ ಹೆಂಡತಿ ಹೇಮಾಳಿಗೆ ಸ್ಟಾಕ್‌ಹೋಮಿಗೆ ಅಂಟಿಕೊಂಡಿರುವ ಸೋಲ್ನಾ ಎಂಬಲ್ಲಿ, ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಜೀವಕೋಶಗಳು ಯಾಕೆ ಸಾಯುತ್ತವೆ ಎನ್ನುವುದು ಅವಳ ವಿಷಯ. ನಾನು ಸಂಬಳವಿಲ್ಲದ ರಜೆ ಹಾಕಿ ಅವಳ ಹಿಂದೆ ಹೊರಟೆ. ಸ್ಟಾಫ್ ರೂಮಿನಲ್ಲಿ ಬೀಳ್ಕೊಡುಗೆಯ ಮೈಸೂರುಪಾಕು ತಿನ್ನುತ್ತ ಎಲ್ಲರೂ ‘ನೀವು ಹೋದ್ರೆ ಬೇಜಾರಾಗತ್ತೆ’ ಎಂದರು. ಯಾರ ಮುಖದಲ್ಲಿಯೂ ಬೇಜಾರು ಕಾಣಲಿಲ್ಲ ಎಂದು ಹೇಮಾ ಆಮೇಲೆ ಹೇಳಿದಳು. ಅವಳು ವಿಜ್ಞಾನಿ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ.

ಸೋಲ್ನಾದಲ್ಲಿ ನಮ್ಮದು ಮೂರನೆಯ ಮಹಡಿಯ ಫ್ಲ್ಯಾಟು. ಎದುರು ಬಾಗಿಲಿನಲ್ಲಿ ಒಬ್ಬ ಸಜ್ಜನರಿದ್ದರು. ಸಜ್ಜನರು ಎನ್ನುವುದು ನನ್ನ ಊಹೆ. ಅವರನ್ನು ನಾನು ನೆಟ್ಟಗೆ ನೋಡಿದ್ದೇ ಇಲ್ಲ. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಸದ್ದಾದರೆ ಅವರ ಮನೆಯೊಳಗಿನ ಬೀಗದ ಕೈ ಸದ್ದು ನಿಂತುಹೋಗುತ್ತಿತ್ತು. ನಾನು ಇಳಿದು ಹೋಗಲಿ, ಆಮೇಲೆ ಬರೋಣ ಎಂದು ಅವರು ಒಳಗೇ ಕಾಯುತ್ತಿದ್ದರು. ಇದು ಹಗೆಯಲ್ಲ, ಇಲ್ಲಿನ ಮರ್ಯಾದೆ ಎಂದು ಎಲ್ಲರೂ ಹೇಳಿದರು. ಒಂದು ದಿನ ನಾನೂ ಹಟ ಹಿಡಿದು ಇಳಿಯದೆ ಅಲ್ಲೇ ನಿಂತೆ. ಬಾಗಿಲ ಆ ಕಡೆ ಅವರು, ಈ ಕಡೆ ನಾನು. ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಕೊನೆಗೆ ಮೆಟ್ಟಿಲ ದೀಪ ತಾನಾಗಿ ಆರಿಹೋಯಿತು. ಕತ್ತಲಲ್ಲಿ ನನ್ನ ಮೇಲೆ ನನಗೇ ನಾಚಿಕೆಯಾಗಿ ಕೆಳಗಿಳಿದೆ. ಇಡೀ ಕಟ್ಟಡದ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಎರಡನೆಯ ಮಹಡಿಯ ಅಜ್ಜಿಯೊಬ್ಬರ ಸರದಿ ಮುಗಿದ ಕೂಡಲೇ ನನ್ನದು ಬರುವಂತೆ ಹೆಸರು ಹಾಕಿ, ಬಕೆಟ್ಟು ಹಿಡಿದು ಬೇಗನೆ ಇಳಿದು ನೋಡಿದರೆ, ಅವರು ಅದಕ್ಕೂ ಬೇಗ ಒಗೆದು, ಒರೆಸಿ, ಮಾಯವಾಗಿರುತ್ತಿದ್ದರು. ಕೋಣೆಯಲ್ಲಿ ಅವರ ಸೋಪಿನ ವಾಸನೆ ಮಾತ್ರ ಉಳಿದಿರುತ್ತಿತ್ತು. ಆ ವಾಸನೆಯೊಡನೆ ಎಷ್ಟು ಹೊತ್ತು ಮಾತಾಡಲಾದೀತು?

ಹೀಗಾಗಿ ದಿನದ ಮಾತೆಲ್ಲ ಸಂಜೆಗೆ ಉಳಿಯುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹೇಮಾ ಟ್ರೈನಿಳಿದು ಬರುವುದನ್ನು ಕಾಯುತ್ತಿದ್ದೆ. ಅವಳು ಬಾಗಿಲು ತೆರೆಯುವುದೇ ತಡ, ಶುರು. ಅಂಗಡಿಯಲ್ಲಿ ಕೊತ್ತಂಬರಿ ಸಿಕ್ಕದ್ದು, ಪಾರ್ಕಿನಲ್ಲಿ ಬಾತುಕೋಳಿಗಳು ಜಗಳವಾಡಿದ್ದು, ಟಿವಿಯಲ್ಲಿ ಕಂಡ ಎತ್ತರದ ಮಂತ್ರಿಣಿ. ‘ಕೋಟಾದ್ರೂ ಬಿಚ್ಚೋಕೆ ಬಿಡ್ರೀ’ ಎನ್ನುತ್ತಿದ್ದಳು. ನಾನು ಕೋಟು ಬಿಚ್ಚಲು ಸಹಾಯ ಮಾಡುತ್ತಲೇ ಮುಂದುವರಿಸುತ್ತಿದ್ದೆ. ಅವಳು ಊಟ ಮಾಡುತ್ತ ‘ಹೂಂ’ ಎನ್ನುತ್ತಿದ್ದಳು. ಕೆಲವೊಮ್ಮೆ ಅವಳ ಹೂಂ ನನ್ನ ವಾಕ್ಯ ಮುಗಿಯುವ ಮೊದಲೇ ಬಂದುಬಿಡುತ್ತಿತ್ತು.

ನನಗೆ ಸ್ವಲ್ಪ ಜೀವ ಬಂದದ್ದು ವಲಸಿಗರಿಗಾಗಿ ನಡೆಸುವ ಸ್ವೀಡಿಷ್ ತರಗತಿಯಲ್ಲಿ. ಅಲ್ಲಿ ಮಾತಾಡುವುದು ಕಡ್ಡಾಯ! ‘ನಿಮ್ಮ ಮನೆಯಲ್ಲಿ ಎಷ್ಟು ಕುರ್ಚಿಗಳಿವೆ?’ ಎಂದು ಟೀಚರ್ ಕೇಳಿದರೆ ಉಳಿದವರು ‘ನಾಲ್ಕು’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ನಾನು ಯಾವ ಕುರ್ಚಿ ಎಲ್ಲಿಂದ ಬಂತು, ಯಾವುದರ ಕಾಲು ಕುಂಟು, ದಾವಣಗೆರೆಯಲ್ಲಿ ನಮ್ಮ ತಂದೆ ಕೂರುತ್ತಿದ್ದ ಬೆತ್ತದ ಕುರ್ಚಿ ಹೇಗಿತ್ತು ಎಂಬುದನ್ನೆಲ್ಲ ಹೇಳುತ್ತಿದ್ದೆ. ಹೇಳಬೇಕಾದ್ದು ಅಷ್ಟಿದ್ದರಿಂದ ಪದಗಳನ್ನು ಕಲಿಯಲೇಬೇಕಾಯಿತು. ಎರಡೇ ವರ್ಷದಲ್ಲಿ ಕಾಲೇಜು ಸೇರಲು ಬೇಕಾದಷ್ಟು ಸ್ವೀಡಿಷ್ ನನಗೆ ಬಂತು. ಆದರೆ ತರಗತಿ ಮುಗಿಯಿತಲ್ಲ! ಭಾಷೆ ಬಂದಮೇಲೆ ಅದನ್ನು ಯಾರ ಮೇಲೆ ಪ್ರಯೋಗಿಸುವುದು? ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಅಂಗಡಿಯಲ್ಲಿ ‘ಚೀಲ ಬೇಕೆ?’ ಎನ್ನುವಲ್ಲಿಗೆ ಸಂಭಾಷಣೆ ಮುಗಿಯುತ್ತಿತ್ತು. ಬೇಡವಾದ ದಿನವೂ ನಾನು ಚೀಲ ಬೇಕೆನ್ನುತ್ತಿದ್ದೆ, ಇನ್ನೊಂದು ವಾಕ್ಯದ ಆಸೆಗೆ.

ಆ ಚಳಿಗಾಲದಲ್ಲಿ ನನಗೆ ನೆಗಡಿ ಕೆಮ್ಮು ಶುರುವಾಗಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿ ಇಂಗ್ರಿಡ್ ಎಂಬ ನರ್ಸ್ ಇದ್ದರು. ನಿವೃತ್ತಿಗೆ ಹತ್ತಿರದ ವಯಸ್ಸು, ದಪ್ಪ ಗಾಜಿನ ಕನ್ನಡಕ. ಅವರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತು ‘ಹೇಳಿ, ಹೇಗಿದ್ದೀರಿ?’ ಎಂದರು. (ಸ್ವೀಡಿಷ್‌ನಲ್ಲಿ ಎಲ್ಲರಿಗೂ ಏಕವಚನವೇ. ನನ್ನ ಕನ್ನಡದ ಬಾಯಿಗೆ ಅದು ಒಗ್ಗುವುದಿಲ್ಲ, ಆದ್ದರಿಂದ ಇಲ್ಲಿ ಎಲ್ಲರೂ ನೀವು.) ಕೇಳಿ ಸುಮ್ಮನಾಗಲಿಲ್ಲ, ಉತ್ತರಕ್ಕೆ ಕಾದರು! ನನ್ನ ಮುಖವನ್ನೇ ನೋಡುತ್ತ ಕಾದರು. ಈ ದೇಶಕ್ಕೆ ಬಂದಮೇಲೆ ಯಾರೂ ನನ್ನ ಮುಖವನ್ನು ಹಾಗೆ ನೋಡಿರಲಿಲ್ಲ. ಕೆಮ್ಮಿನ ವರ್ಣನೆಯನ್ನು ನಾನು ಸಾಕಷ್ಟು ಹಿಗ್ಗಿಸಿದೆ. ಮುಂದಿನ ವಾರ ಬೆನ್ನುನೋವೆಂದು ಹೋದೆ. ಅದರ ಮುಂದಿನ ವಾರ ಕಿವಿಯಲ್ಲಿ ಏನೋ ಗುಂಯ್‌ಗುಡುತ್ತದೆ ಎಂದು ಹೋದೆ. ಇಂಗ್ರಿಡ್ ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಆಮೇಲೆ ದೀಪ ಆರಿಸಿ, ಕನ್ನಡಕ ತೆಗೆದು ಹೇಳಿದರು:

‘ನಿಮಗೆ ಕಾಯಿಲೆ ಇಲ್ಲ. ನೀವು ಒಂಟಿಯಾಗಿದ್ದೀರಿ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.’

ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಕಣ್ಣು ಮಂಜಾಗಿ, ಅದನ್ನು ಮರೆಮಾಡಲು ‘ನಿಮ್ಮ ಹತ್ತಿರ ಹೀಗೆ ಎಲ್ಲರೂ ಬಂದು ಮಾತಾಡುತ್ತಾರೆಯೇ?’ ಎಂದು ಕೇಳಿದೆ. ‘ಬೆಳಗಿನಿಂದ ಸಂಜೆಯವರೆಗೆ. ಕೆಲವು ದಿನ ಕಿವಿಯೇ ನೋಯುತ್ತದೆ’ ಎಂದರು. ಹಸಿದವನ ಮುಂದೆ ಅಡುಗೆಭಟ್ಟರು ಊಟ ಹೆಚ್ಚಾಯಿತೆಂದು ಗೊಣಗಿದ ಹಾಗೆ ಕೇಳಿಸಿತು ನನಗೆ. ‘ಈ ಕೆಲಸಕ್ಕೆ ಏನು ಓದಬೇಕು?’ ಎಂದೆ. ಸಾಮಾನ್ಯ ಕೋರ್ಸು ಮೂರು ವರ್ಷ; ಆದರೆ ಈಗಾಗಲೇ ಜೀವಶಾಸ್ತ್ರದಂಥ ಪದವಿ ಇದ್ದವರಿಗೆ ಬೇಸಿಗೆ ರಜೆ ಕೊಡದೆ ಎರಡೂವರೆ ವರ್ಷದಲ್ಲಿ ಮುಗಿಸುವ ಅವಸರದ ಕೋರ್ಸೊಂದು ಅಲ್ಲಲ್ಲಿ ಉಂಟು ಎಂದು ಅವರು ವಿವರಿಸಿದರು. ಕಪ್ಪೆಯ ಹೊಟ್ಟೆ ಕೊನೆಗೂ ನನ್ನ ಕೈ ಹಿಡಿಯುವ ಕಾಲ ಬಂದಿತ್ತು.

ಹೇಮಾ ಸುದ್ದಿ ಕೇಳಿ ಚಮಚ ಕೆಳಗಿಟ್ಟಳು. ‘ನೀವು ನರ್ಸಾ?’ ಎಂದಳು. ಚಮಚ ಮತ್ತೆ ಎತ್ತಿಕೊಂಡು, ‘ರೋಗಿಗಳು ಎದ್ದು ಹೋಗೋ ಹಾಗಿರಲ್ಲ ಪಾಪ’ ಎಂದಳು. ಯುಗಾದಿಗೆ ಕನ್ನಡದವರೆಲ್ಲ ಒಂದು ಬಾಡಿಗೆ ಹಾಲಿನಲ್ಲಿ ಸೇರಿದ್ದಾಗ, ಬೆಂಗಳೂರಿನ ನಾಗೇಂದ್ರ ಎಂಬ ಸಾಫ್ಟ್‌ವೇರ್ ಹುಡುಗ ಚಿತ್ರಾನ್ನದ ತಟ್ಟೆ ಹಿಡಿದು ನನ್ನ ಪಕ್ಕ ಕೂತು ಬುದ್ಧಿ ಹೇಳಿದ: ‘ಸರ್, ನರ್ಸಿಂಗ್ ಎಲ್ಲಾ ಯಾಕೆ ಸರ್? ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡಿ, ಬೇಗ ಜಾಬ್ ಆಗತ್ತೆ.’ ಅದರಲ್ಲಿ ಯಾರ ಜೊತೆ ಮಾತಾಡಬೇಕಾಗುತ್ತದೆ ಎಂದು ಕೇಳಿದೆ. ‘ಯಾರ ಜೊತೆನೂ ಬೇಡ ಸರ್, ಅದೇ ಅಡ್ವಾಂಟೇಜ್’ ಎಂದ. ನಾನು ಇನ್ನೊಂದಿಷ್ಟು ಚಿತ್ರಾನ್ನ ಹಾಕಿಕೊಳ್ಳುವ ನೆಪದಲ್ಲಿ ಎದ್ದೆ. ಫೋನ್ ಕಾರ್ಡು ಗೀಚಿ ದಾವಣಗೆರೆಗೆ ಫೋನ್ ಮಾಡಿದಾಗ ಅಮ್ಮನ ಚಿಂತೆ ಬೇರೆಯೇ ಇತ್ತು.

‘ಕೇಳಿದೋರಿಗೆ ಏನಂತ ಹೇಳ್ಲೋ ಶಿವು?’

‘ನರ್ಸಿಂಗ್ ಓದ್ತಾನೆ ಅಂತ ಹೇಳಮ್ಮಾ.’

‘ಗಂಡ್ಸಿಗೆ ನರ್ಸು ಅಂದ್ರೆ ನಗ್ತಾರೆ ಕಣೋ. ಡಾಕ್ಟ್ರಿಗೆ ಓದ್ತಾನೆ ಅಂತೀನಿ.’

‘ಆಮೇಲೆ ಗೊತ್ತಾದ್ರೆ?’

‘ಆಮೇಲೆ ಫೇಲಾದ ಅಂದ್ರಾಯ್ತು ಬಿಡು.’

ಮೂರು ಊರಿಗೆ ಅರ್ಜಿ ಹಾಕಿದೆ. ಸ್ಟಾಕ್‌ಹೋಮಿನಲ್ಲಿ ಸೀಟು ತುಂಬಿಹೋಗಿತ್ತು. ಉಳಿದವು ಎರಡು. ಒಂದು ಓರೆಬ್ರೂ; ಟ್ರೈನಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟು ದೂರ, ಮನಸ್ಸು ಮಾಡಿದರೆ ದಿನಾ ಮನೆಗೆ ಬರಬಹುದು. ಇನ್ನೊಂದು ಲುಲೆಯೊ, ಭೂಪಟದಲ್ಲಿ ಬೆರಳು ಮೇಲೆ ಮೇಲೆ ಹೋಗಿ, ಇನ್ನೇನು ಹಾಳೆ ಮುಗಿಯಿತು ಎನ್ನುವಲ್ಲಿ ಸಿಗುವ ಊರು.

ಓರೆಬ್ರೂದವರು ಖುದ್ದಾಗಿ ಬರಹೇಳಿದರು. ಸಂದರ್ಶನದಲ್ಲಿ ಒಂದು ಸಣ್ಣ ನಾಟಕವಿತ್ತು. ಮಂಚದ ಮೇಲೆ ರೋಗಿಯ ವೇಷದಲ್ಲಿ ಒಬ್ಬ ಅಧ್ಯಾಪಕರು ಮಲಗಿದ್ದರು. ಕಾಲಿನ ಆಪರೇಶನ್ ಆಗಿದೆ ಎಂದು ಭಾವಿಸಬೇಕು, ಅವರ ಪಕ್ಕ ಸ್ವಲ್ಪ ಹೊತ್ತು ಕೂತು ವಿಚಾರಿಸಿಕೊಳ್ಳಬೇಕು. ಅಷ್ಟೇ. ನನಗೆ ಹಬ್ಬವಾಯಿತು. ಎದ್ದು ಹೋಗಲಾಗದ ಒಬ್ಬ ಸ್ವೀಡಿಷ್ ಮನುಷ್ಯ! ‘ಹೇಗಿದ್ದೀರಿ?’ ಎಂದೆ. ಅವರು ಕಿಟಕಿಯ ಕಡೆ ನೋಡಿದರು. ಪಾಪ, ಬೇಜಾರಾಗಿರಬೇಕು ಎಂದುಕೊಂಡು ಹವಾಮಾನದಿಂದ ಆರಂಭಿಸಿದೆ. ಅಲ್ಲಿಂದ ದಾವಣಗೆರೆಯ ಬಿಸಿಲಿಗೆ ಹೋದೆ. ಬಿಸಿಲಿನಿಂದ ಬೆಣ್ಣೆದೋಸೆಗೆ, ದೋಸೆಯಿಂದ ಬೆಣ್ಣೆಗೆ, ಬೆಣ್ಣೆಯಿಂದ ಸ್ವೀಡನ್ನಿನ ಹಸುಗಳಿಗೆ ಬಂದು, ಎರಡೂ ದೇಶಗಳನ್ನು ಬೆಸೆದ ಖುಷಿಯಲ್ಲಿದ್ದಾಗ ರೋಗಿ ಬೆರಳೆತ್ತಿದರು.

‘ನನಗೆ ಎದೆ ನೋಯುತ್ತಿದೆ ಎಂದು ನಾನು ನಿಮಗೆ ಹೇಳಬೇಕಿತ್ತು’ ಎಂದರು, ‘ಸಂದು ಸಿಗಲಿಲ್ಲ. ಬೆಣ್ಣೆಯ ಹತ್ತಿರ ನಾನು ಬಹುಶಃ ಸತ್ತಿದ್ದೇನೆ.’

ಆದರೂ ಅವರು ಒಳ್ಳೆಯವರು, ನನ್ನನ್ನು ತೀರಾ ತಳ್ಳಿಹಾಕಲಿಲ್ಲ. ಅವಸರದ ಕೋರ್ಸು ನಿಮಗೆ ಬೇಡ, ಮೂರು ವರ್ಷದ ಸಾಮಾನ್ಯ ಕೋರ್ಸಿಗೆ ಬನ್ನಿ, ನಿಮಗೆ ಸ್ವಲ್ಪ ನಿಧಾನ ಬೇಕು ಎಂದರು. ವಾಪಸು ಬರುವ ಟ್ರೈನಿನಲ್ಲಿ ನಾನು ಯಾರೊಡನೆಯೂ ಮಾತಾಡಲಿಲ್ಲ. ಮಾತಾಡಿಸಬೇಕೆಂದು ಅನ್ನಿಸಲೂ ಇಲ್ಲ. ಹೊರಗೆ ಹಿಮ ಬಿದ್ದ ಹೊಲಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅಷ್ಟು ವರ್ಷ ನನ್ನ ಮಾತು ಕೇಳಿದವರಲ್ಲಿ ಎಷ್ಟು ಜನ ಹೀಗೆ ಬೆರಳೆತ್ತಲಾಗದೆ ಸುಮ್ಮನಿದ್ದರೋ ಎಂಬ ಯೋಚನೆ ಬಂತು. ಲೆಕ್ಕ ಮಾಡಲು ಧೈರ್ಯವಾಗಲಿಲ್ಲ.

ಲುಲೆಯೊದವರು ಅಷ್ಟು ದೂರದಿಂದ ಬರುವುದು ಬೇಡವೆಂದು ಫೋನಿನಲ್ಲೇ ಸಂದರ್ಶನ ಇಟ್ಟರು. ಕೇಳಿದವರು ಗುನ್‌ಬ್ರಿಟ್ ಎಂಬ ಅಧ್ಯಾಪಕಿ. ಈ ಸಲ ಕಡಿಮೆ ಮಾತಾಡಬೇಕೆಂದು ಹೇಮಾ ನನ್ನಿಂದ ಮಾತು ತೆಗೆದುಕೊಂಡಿದ್ದಳು. ‘ನೀವು ಮೊದಲು ಅಧ್ಯಾಪಕರಾಗಿದ್ದಿರಾ?’ ಎಂದರು. ಹೌದು, ಪ್ರಾಣಿಶಾಸ್ತ್ರ ಎಂದೆ. ಆ ಕಡೆಯಿಂದ ‘ಶುಪ್’ ಎಂದು ಗಾಳಿಯನ್ನು ಒಳಗೆಳೆದುಕೊಂಡ ಸದ್ದು ಬಂತು. ಬಿಸಿ ಕಾಫಿ ಹೀರುತ್ತಿರಬೇಕು ಎಂದುಕೊಂಡೆ. ‘ಚಳಿ, ಕತ್ತಲೆ ನಿಮಗೆ ಪರವಾಗಿಲ್ಲವೇ?’ ಪರವಾಗಿಲ್ಲ ಎಂದೆ. ಮತ್ತೆ ‘ಶುಪ್’. ಹೆಂಡತಿಯನ್ನು ಬಿಟ್ಟು ಬರುತ್ತೀರಾ ಎಂದರು. ಬರಬೇಕಾಗುತ್ತದೆ ಎಂದೆ. ಇನ್ನೂ ಜೋರಾಗಿ ‘ಶುಪ್’! ಗಾಬರಿಯಾಯಿತು. ಇದು ಕಾಫಿಯಲ್ಲ, ಆಸ್ತಮಾ. ನಮ್ಮ ದೊಡ್ಡಪ್ಪನಿಗೆ ಹೀಗೇ ಆಗುತ್ತಿತ್ತು. ಸಂದರ್ಶನವೆನ್ನುವುದನ್ನು ಮರೆತು, ‘ಮೇಡಂ, ಮಾತಾಡಬೇಡಿ. ನೆಟ್ಟಗೆ ಕೂತುಕೊಳ್ಳಿ. ಉಸಿರಾಟದ ಔಷಧಿ ಹತ್ತಿರ ಇದೆಯೇ? ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?’ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಆ ಕಡೆಯ ‘ಶುಪ್’ ನಿಂತಿತು. ಆಮೇಲೆ ನಗು. ಎಂಥ ನಗು! ಆ ದೇಶದಲ್ಲಿ ನಾನು ಸಂಪಾದಿಸಿದ ಮೊದಲ ನಗು ಅದು.

‘ಉತ್ತರದ ಕಡೆ ನಾವು ಹೌದು ಎನ್ನುವುದೇ ಹೀಗೆ’ ಎಂದರು ಗುನ್‌ಬ್ರಿಟ್, ಕಣ್ಣೊರೆಸಿಕೊಳ್ಳುತ್ತಿರುವಂತೆ. ‘ಬಾಯಿ ಬಿಟ್ಟರೆ ಚಳಿ ಒಳಗೆ ಹೋಗುತ್ತದೆ ನೋಡಿ. ಸಂದರ್ಶನದಲ್ಲಿ ನನ್ನ ಆರೋಗ್ಯ ವಿಚಾರಿಸಿದವರು ನೀವೊಬ್ಬರೇ.’ ಅವಸರದ ಕೋರ್ಸಿನಲ್ಲಿ ನನಗೆ ಸೀಟು ಸಿಕ್ಕಿತು.

ಈಗ ಆಯ್ಕೆಯ ಸಂಕಟ. ಹತ್ತಿರದಲ್ಲಿ ನಿಧಾನದ ಓದು, ದೂರದಲ್ಲಿ ಅವಸರದ ಓದು. ನನ್ನ ಮನಸ್ಸಿನಲ್ಲಿ ಓರೆಬ್ರೂ ನಿಶ್ಚಯವಾಗಿತ್ತು. ಆರು ತಿಂಗಳು ಹೆಚ್ಚಾದರೇನು, ಸಂಜೆ ಮನೆಗೆ ಬರಬಹುದಲ್ಲ. ಹೇಮಾಳೂ ಅದನ್ನೇ ಹೇಳುತ್ತಾಳೆ, ನಾನು ಸ್ವಲ್ಪ ಹೊತ್ತು ಬೇಕೆಂದೇ ಲುಲೆಯೊ ಪರವಾಗಿ ವಾದಿಸಿ, ಆಮೇಲೆ ಅವಳಿಗಾಗಿ ಸೋತವನಂತೆ ಒಪ್ಪಬೇಕು ಎಂದು ಯೋಜನೆ ಹಾಕಿ, ಒಂದು ಭಾನುವಾರ ಉಪ್ಪಿಟ್ಟು ಮಾಡಿ ಬಡಿಸಿ ವಿಷಯ ತೆಗೆದೆ.

‘ಲುಲೆಯೊ’ ಎಂದಳು, ನಾನು ವಾಕ್ಯ ಮುಗಿಸುವ ಮೊದಲೇ.

‘ಯೋಚನೆ ಮಾಡಿ ಹೇಳು.’

‘ಮಾಡಿದೀನಿ.’

‘ಅಷ್ಟು ದೂರ? ತಿಂಗಳಿಗೊಂದು ಸಲ ಬಂದ್ರೆ ಹೆಚ್ಚು.’

‘ಗೊತ್ತು.’

‘ನನ್ನನ್ನ ಸಾಗಹಾಕೋಕೆ ನೋಡ್ತಿದೀಯಾ?’ ಎಂದೆ. ತಮಾಷೆಯಾಗಿ ಕೇಳಬೇಕೆಂದುಕೊಂಡಿದ್ದೆ, ಆದರೆ ದನಿ ಹಾಗೆ ಬರಲಿಲ್ಲ.

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ‘ರೀ, ನನ್ನ ಕೆಲಸ ಇರೋದು ಇನ್ನು ಎರಡೂವರೆ ವರ್ಷ. ಆಮೇಲೆ ಇಲ್ಲೇ ಮುಂದುವರೆಯತ್ತೋ, ಇನ್ನೆಲ್ಲಿಗಾದ್ರೂ ಹೋಗ್ಬೇಕೋ, ಏನೂ ಗೊತ್ತಿಲ್ಲ. ಅಷ್ಟೊತ್ತಿಗೆ ನಮ್ಮಿಬ್ರಲ್ಲಿ ಒಬ್ರಾದ್ರೂ ಗಟ್ಟಿಯಾಗಿ ಕಾಲೂರಿರ್ಬೇಕು.’ ಕಿಟಕಿಯ ಕಡೆ ನೋಡಿದಳು. ‘ಅದೊಂದೇ ಅಲ್ಲ. ದಿನಾ ಸಂಜೆ ನಾನು ಸ್ಟೇಷನ್ನಿಂದ ಬರೋವಾಗ ಮೇಲೆ ಕಿಟಕೀಲಿ ನೀವು ನಿಂತಿರೋದು ಕಾಣತ್ತೆ. ಇಡೀ ದಿನ ಅಲ್ಲೇ ನಿಂತಿದಾರೇನೋ ಅನ್ಸತ್ತೆ. ನಂಗೆ ಅದನ್ನ ನೋಡೋಕಾಗಲ್ಲ. ಎಷ್ಟು ಬೇಗ ಮುಗಿಯತ್ತೋ ಅಷ್ಟು ಬೇಗ ಮುಗಿಸ್ಕೊಂಡು ಬನ್ನಿ.’

ಉಪ್ಪಿಟ್ಟು ಆರಿಹೋಯಿತು. ವಾದ ಮಾಡಲು ನಾನು ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಕೆಲಸಕ್ಕೆ ಬರಲಿಲ್ಲ. ಆ ವಾರವೇ ದಾವಣಗೆರೆಯ ಕಾಲೇಜಿಗೆ ರಾಜೀನಾಮೆ ಬರೆದು ಹಾಕಿದೆ.

ಲುಲೆಯೊಗೆ ಹೋದಮೇಲೆ ನನ್ನ ದಡ್ಡತನ ಪೂರ್ತಿ ಅರ್ಥವಾಯಿತು. ಮಾತಿನ ಆಸೆಗೆ ಬಂದವನು ಅವಸರದ ಕೋರ್ಸು ಸೇರಿದ್ದೆ! ಅವಸರದಲ್ಲಿರುವವರಿಗೆ ಮಾತಿಗೆಲ್ಲಿ ಪುರಸೊತ್ತು? ನನ್ನ ಸಹಪಾಠಿಗಳೆಲ್ಲ ಬೇರೆ ಬೇರೆ ಕೆಲಸ ಬಿಟ್ಟು ಬಂದಿದ್ದ ದೊಡ್ಡವರು. ಮನೆ, ಮಕ್ಕಳು, ಸಾಲ ಎಲ್ಲ ಇದ್ದವರು. ಹೃದಯಕ್ಕೆ ಒಂದು ವಾರ, ಮೂತ್ರಪಿಂಡಕ್ಕೆ ಅದರ ಅರ್ಧ, ಚರ್ಮವನ್ನು ಮನೆಯಲ್ಲಿ ಓದಿಕೊಳ್ಳಿ ಎನ್ನುವ ಲೆಕ್ಕದಲ್ಲಿ ಪಾಠ ಓಡುತ್ತಿತ್ತು. ಸ್ವೀಡನ್ನಿನವರು ದೇವರನ್ನು ಬಿಟ್ಟರೂ ಬಿಡದ ಫೀಕಾ, ಅಂದರೆ ಕಾಫಿ ಕುಡಿಯುತ್ತ ಹರಟುವ ಹೊತ್ತು, ಅಲ್ಲೂ ಇತ್ತು. ಆದರೆ ನಮ್ಮ ತರಗತಿಯವರು ಒಂದು ಕೈಯಲ್ಲಿ ದಾಲ್ಚಿನ್ನಿ ಬನ್ನು, ಇನ್ನೊಂದರಲ್ಲಿ ಔಷಧಿಗಳ ಹೆಸರಿನ ಚೀಟಿ ಹಿಡಿದು ಬಾಯಿಪಾಠ ಮಾಡುತ್ತ ಕೂರುತ್ತಿದ್ದರು. ವಿದ್ಯಾರ್ಥಿಗಳ ಮನೆಯಲ್ಲಿ ನನಗೊಂದು ಕೋಣೆ ಸಿಕ್ಕಿತ್ತು. ಅಡುಗೆಮನೆ ಎಲ್ಲರಿಗೂ ಸೇರಿದ್ದು. ಒಲೆಯ ಮೇಲೆ ಯಾರದೋ ಪಾತ್ರೆ ಬೆಚ್ಚಗಿರುತ್ತಿತ್ತು, ಪಾತ್ರೆಯ ಯಜಮಾನ ಕಾಣುತ್ತಿರಲಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನದ ಅನ್ನ ಬೇಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ನಾನು ಒಗ್ಗರಣೆ ಹಾಕಿ, ಅದರ ಚಟಪಟ ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿರುತ್ತಿದ್ದೆ. ಆ ಮನೆಯಲ್ಲಿ ನನ್ನೊಡನೆ ಮಾತಾಡುತ್ತಿದ್ದದ್ದು ಸಾಸಿವೆಯೊಂದೇ.

ಹೇಮಾಳಿಗೆ ಫೋನ್ ಮಾಡಿದರೆ ‘ಊಟ ಆಯ್ತಾ?’ ಎನ್ನುತ್ತಿದ್ದಳು. ನಾನು ಆ ದಿನದ ಮೂತ್ರಪಿಂಡವನ್ನು ಪೂರ್ತಿ ಅವಳಿಗೆ ಒಪ್ಪಿಸುತ್ತಿದ್ದೆ. ‘ಹೂಂ’ ಎಂದು ಕೇಳಿ, ‘ಸರಿ, ಮಲ್ಕೊಳ್ಳಿ’ ಎನ್ನುತ್ತಿದ್ದಳು. ನೀನು ಹೇಗಿದ್ದೀಯ ಎಂದು ನಾನು ಕೇಳುತ್ತಿರಲಿಲ್ಲ ಎಂದಲ್ಲ, ಕೇಳುತ್ತಿದ್ದೆ. ಇಂಗ್ರಿಡ್ ಕಾದ ಹಾಗೆ ಉತ್ತರಕ್ಕೆ ಕಾಯುತ್ತಿರಲಿಲ್ಲ, ಅಷ್ಟೇ.

ಕೊನೆಗೂ ಆಸ್ಪತ್ರೆಯಲ್ಲಿ ತರಬೇತಿ ಶುರುವಾಯಿತು. ವೃದ್ಧರ ವಾರ್ಡು. ನನ್ನ ಪಾಲಿಗೆ ಬಂದದ್ದು ಐನಾ ಎಂಬ ಅಜ್ಜಿ. ಫಿನ್ಲೆಂಡಿನ ಗಡಿಯ ಹೊಳೆದಂಡೆಯವರು. ಮರೆವಿನ ಕಾಯಿಲೆ ಬಂದು ಸ್ವೀಡಿಷ್ ಅಷ್ಟೂ ಅಳಿಸಿಹೋಗಿ, ಎಳವೆಯಲ್ಲಿ ಮನೆಯಲ್ಲಿ ಆಡುತ್ತಿದ್ದ ಫಿನ್ನಿಷ್ ಒಂದೇ ಉಳಿದಿತ್ತು. ಅದು ಬಲ್ಲ ಒಬ್ಬ ದಾದಿ ಯಾವಾಗಲೋ ಒಮ್ಮೆ ಬರುತ್ತಿದ್ದಳು. ಉಳಿದ ಹೊತ್ತು ಐನಾ ಸುಮ್ಮನೆ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಇಬ್ಬರೂ ಸರಿಯಾಗಿಯೇ ಸಿಕ್ಕಿದೆವು ಎಂದುಕೊಂಡು ಅವರಿಗೆ ಗಂಜಿ ತಿನ್ನಿಸಲು ಕೂತೆ. ಸ್ವೀಡಿಷ್ ಹೇಗೂ ವ್ಯರ್ಥ, ಆದ್ದರಿಂದ ಕನ್ನಡದಲ್ಲೇ ‘ಅಜ್ಜೀ, ಒಂದು ಚಮಚ ತಗೊಳ್ಳಿ’ ಎಂದೆ.

ಅವರು ನನ್ನ ಕಡೆ ತಿರುಗಿ ಒಂದು ದೊಡ್ಡ ವಾಕ್ಯ ಹೇಳಿದರು.

ನನಗೆ ಮೈ ಜುಮ್ಮೆಂದಿತು. ‘ಹೌದಾ ಅಜ್ಜೀ?’ ಎಂದೆ. ಇನ್ನೊಂದು ವಾಕ್ಯ ಬಂತು, ಅದರ ಹಿಂದೆ ಇನ್ನೊಂದು. ನಾನು ಹೇಮಾಳ ಬಗ್ಗೆ ಹೇಳಿದೆ, ಸೋಲ್ನಾದ ಕಿಟಕಿಯ ಬಗ್ಗೆ ಹೇಳಿದೆ. ಅವರು ಯಾರ ಬಗ್ಗೆಯೋ ಹೇಳಿದರು. ಎರಡು ದಿನ ಹೀಗೆ ಸರಿಸಮವಾಗಿ ನಡೆಯಿತು. ಮೂರನೆಯ ದಿನ ನನಗೆ ಒಂದು ಕಷ್ಟ ಎದುರಾಯಿತು. ಅವರು ನನ್ನ ಕೈ ಹಿಡಿದು ಏನೋ ಹೇಳುತ್ತಿದ್ದರು, ತುಟಿ ನಡುಗುತ್ತಿತ್ತು. ಅದು ನಗುವ ವಿಷಯವೋ ಅಳುವ ವಿಷಯವೋ ಗೊತ್ತಾಗದೆ ಹೂಂ ಎನ್ನುವುದು ಹೇಗೆ? ಅರ್ಥವಾಗುವ ಭಾಷೆಯಾದರೆ ಎದುರಿನವರು ಮಾತಾಡುವಾಗ ನಾನು ನನ್ನ ಮುಂದಿನ ಮಾತನ್ನು ಸಿದ್ಧ ಮಾಡಿಕೊಳ್ಳುತ್ತಿರುತ್ತೇನೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಅವರ ಹುಬ್ಬು ಎಲ್ಲಿ ಏರುತ್ತದೆ, ದನಿ ಎಲ್ಲಿ ಸೋಲುತ್ತದೆ, ಯಾವ ಹೆಸರು ಮತ್ತೆ ಮತ್ತೆ ಬರುತ್ತದೆ, ಎಲ್ಲವನ್ನೂ ಕಣ್ಣಿಟ್ಟು ನೋಡಬೇಕಾಯಿತು. ಹಾಗೆ ನೋಡುತ್ತ ನೋಡುತ್ತ ನನ್ನ ಮಾತು ತಾನಾಗಿ ನಿಂತುಹೋಯಿತು. ಗಂಜಿ ಖಾಲಿಯಾದ ಮೇಲೂ ನಾನು ಏಳಲಿಲ್ಲ. ಅವರು ಹೇಳುತ್ತ ಹೇಳುತ್ತ ಅತ್ತರು, ಆಮೇಲೆ ಏನೋ ನೆನಪಾಗಿ ನಕ್ಕರು, ಆಮೇಲೆ ನನ್ನ ಕೈ ಬಿಡದೆ ನಿದ್ದೆ ಹೋದರು.

ತರಬೇತಿ ಮುಗಿದ ದಿನ ನನ್ನನ್ನು ನೋಡಿಕೊಳ್ಳುತ್ತಿದ್ದ ಹಿರಿಯ ನರ್ಸ್ ಕರೆದು, ‘ಔಷಧಿ ಲೆಕ್ಕದಲ್ಲಿ ನೀವು ಇನ್ನೂ ಸುಧಾರಿಸಬೇಕು’ ಎಂದರು. ‘ಆದರೆ ನೀವು ಒಳ್ಳೆಯ ಕೇಳುಗರು. ಅದನ್ನು ನಮ್ಮಿಂದ ಕಲಿಸಲಾಗುವುದಿಲ್ಲ.’ ನಾನು ಹಿಂದೆ ಬೇರೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದೆ.

ಸಂಜೆ ಕೋಣೆಗೆ ಬಂದವನೇ ಹೇಮಾಳಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಅವಳು ನಕ್ಕಳು. ನಗು ನಿಲ್ಲಿಸಲು ನೋಡಿ, ಆಗದೆ ಮತ್ತೆ ನಕ್ಕಳು. ‘ಯಾರು, ನೀವಾ? ಕೇಳುಗರಾ?’

‘ಬೇಕಾದ್ರೆ ಪರೀಕ್ಷೆ ಮಾಡು.’

ನಗು ನಿಂತಿತು. ‘ನಿಜವಾಗ್ಲೂ? ಮಧ್ಯೆ ಬಾಯಿ ಹಾಕಲ್ವಾ?’

‘ಇಲ್ಲ.’

ಅವಳು ಮಾತಾಡಲು ಆರಂಭಿಸಿದಳು. ಮೊದಲು ತಡೆತಡೆದು, ಆಮೇಲೆ ಸರಾಗವಾಗಿ. ಪ್ರಯೋಗಾಲಯದಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಹೋಗುತ್ತಾರಂತೆ. ಇವಳು ಹುಳಿಯ ವಾಸನೆಗೆ ಯಾರಾದರೂ ಮುಖ ತಿರುಗಿಸಿಯಾರೆಂದು ಡಬ್ಬಿಯನ್ನು ತನ್ನ ಮೇಜಿನಲ್ಲೇ ಮುಗಿಸುತ್ತಾಳಂತೆ. ಬಂದ ಮೊದಲ ವರ್ಷದಿಂದಲೂ ಹಾಗೆಯೇ ಅಂತೆ. ಹೇಳಬೇಕೆಂದುಕೊಂಡೇ ಮನೆಗೆ ಬರುತ್ತಿದ್ದಳಂತೆ, ಕೋಟು ಬಿಚ್ಚುವಷ್ಟರಲ್ಲಿ ನನ್ನ ಬಾತುಕೋಳಿಗಳು ಬಂದುಬಿಡುತ್ತಿದ್ದವಂತೆ. ಈಗ ಬೀಗ ತೆಗೆದು ಒಳಗೆ ಬಂದರೆ ಫ್ರಿಜ್ಜಿನ ಸದ್ದೊಂದೇ ಕೇಳಿಸುತ್ತದಂತೆ. ನಾನು ಬಾಯಿ ಹಾಕಲಿಲ್ಲ. ಗಂಟಲವರೆಗೆ ಬಂದ ಸಮಾಧಾನದ ಮಾತುಗಳನ್ನೂ ನುಂಗಿಕೊಂಡು, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಅವಳ ದನಿ ಎಲ್ಲಿ ಏರುತ್ತದೆ, ಎಲ್ಲಿ ಸೋಲುತ್ತದೆ ಎಂದು ಮನಸ್ಸಿಟ್ಟು ಕೇಳುತ್ತಿದ್ದೆ. ಬೆಳಗಿನಿಂದ ವಾರ್ಡಿನಲ್ಲಿ ಓಡಾಡಿದ ಕಾಲು, ಕೋಣೆಯ ಬೆಚ್ಚಗಿನ ಗಾಳಿ, ಕಿವಿಯಲ್ಲಿ ಅವಳ ದನಿ.

ಕಣ್ಣು ಬಿಟ್ಟಾಗ ಕತ್ತು ನೋಯುತ್ತಿತ್ತು. ಫೋನು ಇನ್ನೂ ಕಿವಿಗೆ ಒತ್ತಿಕೊಂಡೇ ಇತ್ತು. ನಿದ್ದೆ ಹೋಗಿಬಿಟ್ಟಿದ್ದೆ. ಇಷ್ಟು ವರ್ಷಕ್ಕೆ ಒಂದು ಸಲ ಮನಸ್ಸು ಬಿಚ್ಚಿ ಮಾತಾಡಿದವಳ ಎದುರಿಗೆ, ಅದೂ ಒಳ್ಳೆಯ ಕೇಳುಗನೆಂದು ಹೆಸರು ಪಡೆದ ದಿನವೇ! ‘ಹೇಮಾ?’ ಎಂದೆ ಮೆಲ್ಲಗೆ, ಅವಳು ಆಗಲೇ ಫೋನ್ ಇಟ್ಟಿರುತ್ತಾಳೆ ಎಂದುಕೊಂಡು.

‘ಇದೀನಿ’ ಎಂದಳು.

‘ಯಾವಾಗ... ಎಷ್ಟು ಹೊತ್ತಾಯ್ತು?’

‘ಸುಮಾರು ಹೊತ್ತಾಯ್ತು. ಗೊರಕೆ ಹೊಡೀತಿದ್ರಿ.’

‘ಎಬ್ಬಿಸಬಾರದಿತ್ತಾ? ಸುಮ್ಮನೆ ಫೋನ್ ಹಿಡ್ಕೊಂಡು ಏನ್ಮಾಡ್ತಿದ್ದೆ?’

‘ಕೇಳ್ತಾ ಕೂತಿದ್ದೆ’ ಎಂದಳು. ‘ಮನೆ ತುಂಬ ಸುಮ್ನಿತ್ತು. ಇಡ್ಬೇಡಿ ರೀ, ಇನ್ನೊಂದು ಸ್ವಲ್ಪ ಹೊತ್ತು ಮಲ್ಕೊಳ್ಳಿ.’

ಮದುವೆಯಾದಂದಿನಿಂದ ನಾನು ಅವಳ ಕಿವಿಗೆ ಸುರಿದಿರುವ ಅಷ್ಟೂ ಸದ್ದಿನಲ್ಲಿ, ಇನ್ನೂ ಸ್ವಲ್ಪ ಬೇಕು ಎಂದು ಅವಳಾಗಿ ಕೇಳಿದ್ದು ಅದೊಂದನ್ನೇ.